ಮೊದಲ ಇಂಟರ್ನ್‌ಶಿಪ್ ಹಿಡಿಯೋದು ಹೇಗೆ?

ಅನುಭವ ಇಲ್ಲದೆ ಇಂಟರ್ನ್‌ಶಿಪ್ ಸಿಗುವುದಿಲ್ಲ, ಇಂಟರ್ನ್‌ಶಿಪ್ ಇಲ್ಲದೆ ಅನುಭವ ಬರುವುದಿಲ್ಲ ಅಂತ ತಲೆ ಕೆಡಿಸಿಕೊಂಡು ಕೂರಬೇಡಿ. ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್‌ಗಳಲ್ಲಿ, ಕೆಲಸ ಮಾಡಲು ಯಾರೂ ಅನುಭವ ಕೇಳುವುದಿಲ್ಲ. ಇಂಥ ಕೋಡ್ ಇಡುವ ಗಿಟ್‌ಹಬ್ ವೆಬ್‌ಸೈಟ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' ಎಂಬ ಲೇಬಲ್ ಹುಡುಕಿ, ಹೊಸಬರಿಗೆಂದೇ ಬಿಟ್ಟ ಸಣ್ಣ ಕೆಲಸಗಳು ಅಲ್ಲಿರುತ್ತವೆ. ನೀವು ಬಗ್ (ಕೋಡಿನ ದೋಷ) ಸರಿಮಾಡಿ ಕಳಿಸಿದ್ದನ್ನು ಬೇರೆಯವರು ಓದಿ, ತಪ್ಪು ತೋರಿಸಿ, ಮತ್ತೆ ಬರೆಸುತ್ತಾರಲ್ಲ, ಕಂಪನಿಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಹೊಸಬರನ್ನು ಓಪನ್ ಸೋರ್ಸ್ ಕೆಲಸಕ್ಕೆ ಸೇರಿಸಲು 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ ಇದೇ ದಾರಿಯದು, ಸ್ಟೈಪೆಂಡ್ ಇದೆ, 18 ತುಂಬಿರಬೇಕು.

ರೆಸ್ಯೂಮೆ ಒಂದೇ ಪುಟ ಸಾಕು. 'ಪೈಥಾನ್ ಗೊತ್ತು' ಅಂತ ಸುಮ್ನೆ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. 'ಲೈಬ್ರರಿ ಪುಸ್ತಕ ಹುಡುಕಲು ಪೈಥಾನ್‌ನಲ್ಲಿ ವೆಬ್‌ಸೈಟ್ ಮಾಡಿದೆ, ಡೇಟಾಬೇಸ್‌ಗೆ ಇಂಡೆಕ್ಸ್ ಹಾಕಿ ಹುಡುಕಾಟ ಚುರುಕು ಮಾಡಿದೆ' ಅನ್ನಿ. ಇಂಡೆಕ್ಸ್ ಅಂದರೆ ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ್ದನ್ನು ಬೇಗ ಹುಡುಕಲು ನೆರವಾಗುವ ಪಟ್ಟಿ. ಯಾವ ಕಾಲಂಗೆ ಇಂಡೆಕ್ಸ್ ಹಾಕಿದಿರಿ, ಯಾಕೆ ಅಂತ ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ, ಹಾಗಾಗಿ ಮಾಡದ್ದನ್ನು ಬರೆಯಬೇಡಿ. ಮೆಕ್ಯಾನಿಕಲ್, ಸಿವಿಲ್‌ನವರಿಗೂ ಅಷ್ಟೇ. ಡ್ರಾಯಿಂಗ್ ಆಗಲಿ, ಲ್ಯಾಬ್‌ನಲ್ಲಿ ಮುರಿದುಹೋದ ಮಾಡೆಲ್‌ನ ಫೋಟೊ ಆಗಲಿ, ತೋರಿಸಲು ಏನಾದರೂ ಇರಲಿ.

ಸೇರಿಸಿಕೊಳ್ಳಲು ದುಡ್ಡು ಕೇಳಿದರೆ ಎದ್ದು ಬನ್ನಿ. ಅದು ಕೆಲಸವಲ್ಲ, ವ್ಯಾಪಾರ.

ಸೇರಿದ ಮೇಲೆ ಪ್ರಶ್ನೆ ಕೇಳಲು ಸಂಕೋಚ ಬೇಡ. ಆದರೆ 'ಓಡ್ತಿಲ್ಲ ಸರ್' ಅಂದರೆ ಅವರಾದರೂ ಏನು ಹೇಳಬೇಕು, ಅಲ್ವಾ? ಯಾವ ಎರರ್ ಬಂತು, ನೀವು ಏನೇನು ಮಾಡಿ ನೋಡಿದಿರಿ, ಎಲ್ಲ ಒಂದೇ ಮೆಸೇಜಿನಲ್ಲಿ ಹಾಕಿ. ಕಂಪನಿಯ ಕೋಡನ್ನು ನಿಮ್ಮ ಗಿಟ್‌ಹಬ್‌ಗೆ ಮಾತ್ರ ಹಾಕಲೇಬೇಡಿ. ಮಾಡಿದ ಕೆಲಸವನ್ನು ದಿನಾ ಎರಡು ಸಾಲು ಬರೆದಿಟ್ಟುಕೊಂಡರೆ ಕಾಲೇಜಿನ ರಿಪೋರ್ಟಿಗೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ.