ವಿದುರಾಶ್ವತ್ಥದ ನಾಗರಕಲ್ಲನ್ನ ವಾಟರ್‌ಕಲರಲ್ಲಿ ಬಿಡಿಸೋದು ಹೇಗೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಅಂದ್ರೆ ಎಲ್ರಿಗೂ ಸ್ವಾತಂತ್ರ್ಯ ಹೋರಾಟದ ಕಾಲದ 1938ರ ಗೋಲಿಬಾರ್ ನೆನಪಾಗುತ್ತೆ, ಆದ್ರೆ ಚಿತ್ರ ಬಿಡಿಸೋರಿಗೆ ಅಲ್ಲಿರೋ ನಾಗರಕಲ್ಲುಗಳೇ ದೊಡ್ಡ ಆಸ್ತಿ. ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿರೋ ಕಲ್ಲುಗಳು, ಸಾಲಾಗಿ ಸಾವಿರಾರು ಇವೆ, ಒಂದರ ಹಾಗೆ ಇನ್ನೊಂದಿಲ್ಲ.

ಬೆಳಿಗ್ಗೆ ಬೇಗ ಹೋಗಿ. ಉಬ್ಬು ಕೆತ್ತನೆ ಕಣ್ಣಿಗೆ ಕಾಣೋದೇ ನೆರಳಿಂದ, ಬಿಸಿಲು ಪಕ್ಕದಿಂದ ಬಿದ್ರೆ ಹಾವಿನ ಮೈ ಎದ್ದು ಬರುತ್ತೆ, ನೆತ್ತಿ ಮೇಲೆ ಬಿಸಿಲು ಬಂದಾಗ ಎಲ್ಲ ಚಪ್ಪಟೆ. ಪೂಜೆ ನಡೀತಿದ್ರೆ ಕಾಯಿರಿ, ಅರಿಶಿನ ಕುಂಕುಮ ಒರೆಸಿ ಕೆತ್ತನೆ ನೋಡೋಕೆ ಮಾತ್ರ ಹೋಗ್ಬೇಡಿ, ಆ ಬಣ್ಣವೇ ನಮಗೆ ಬೇಕಾಗಿರೋದು.

ಪೇಪರ್ 300 ಜಿಎಸ್ಎಂ (ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಅಳತೆ) ಇರಲಿ, ಸ್ವಲ್ಪ ತರಿ ಇರೋದು, ತೆಳು ಪೇಪರ್ ನೀರು ಕುಡಿದು ಸುಕ್ಕಾಗುತ್ತೆ. ಪೆನ್ಸಿಲಲ್ಲಿ ಮೊದಲು ನಡುಗೆರೆ ಎಳ್ಕೊಳ್ಳಿ, ಆಮೇಲೆ ಎರಡು ಹಾವು ಜಡೆ ಹೆಣೆದಂಗೆ ಎಲ್ಲೆಲ್ಲಿ ದಾಟುತ್ತೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ಗುರುತು ಹಾಕಿ, ಇಲ್ಲಿ ಅವಸರ ಮಾಡಿದ್ರೆ ಮುಂದೆ ಎಷ್ಟು ಬಣ್ಣ ಬಳಿದ್ರೂ ಸರಿಹೋಗಲ್ಲ. ಸುತ್ತಿನ ನಡುವೆ ಲಿಂಗ ಇದ್ಯಾ, ಕೃಷ್ಣ ಇದ್ದಾನಾ ನೋಡ್ಕೊಳ್ಳಿ. ಹೆಡೆಗಳು ಕೊನೆಗೆ.

ಕಲ್ಲಿನ ಬೂದುಬಣ್ಣಕ್ಕೆ ಕಪ್ಪು ಟ್ಯೂಬ್ ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಪು ಮಿಶ್ರಿತ ಕಂದು ಸೇರಿಸಿ, ನೀಲಿ ಜಾಸ್ತಿ ಆದ್ರೆ ತಣ್ಣನೆ ಬೂದು, ಕಂದು ಜಾಸ್ತಿ ಆದ್ರೆ ಬಿಸಿಲು ಬಿದ್ದ ಕಲ್ಲು, ಅಲ್ಟ್ರಾಮರೀನ್ ಪೇಪರ್ ತರಿಯಲ್ಲಿ ಕಾಳುಕಾಳಾಗಿ ಕೂತ್ಕೊಳ್ಳುತ್ತಲ್ಲ, ಅದೇ ಗ್ರಾನೈಟ್ ಥರ ಕಾಣುತ್ತೆ. ಎಣ್ಣೆ ಜಿಡ್ಡು ಹಿಡಿದ ಜಾಗಕ್ಕೆ ಅದೇ ಮಿಶ್ರಣ ಗಟ್ಟಿಯಾಗಿ ಹಾಕಿ.

ಅರಿಶಿನದ ಹಳದಿಯನ್ನ ಬೂದು ಹಾಕೋಕ್ಕಿಂತ ಮುಂಚೆನೇ ಬಳಿದು ಪೂರ್ತಿ ಒಣಗಿಸಿ, ಕೆಳಗಿನ ಬಿಳಿ ಪೇಪರ್ ಇದ್ರೇನೇ ಅದು ಹೊಳೆಯೋದು. ಹಳದಿ ಮೇಲಿನ ನೆರಳಿಗೆ ಕಪ್ಪು ಸೇರಿಸಿದ್ರೆ ಪಾಚಿಬಣ್ಣ ಆಗಿಬಿಡುತ್ತೆ, ಬರ್ಂಟ್ ಸಿಯೆನ್ನಾಗೆ ಒಂಚೂರು ನೇರಳೆ ಸೇರಿಸಿ ತೆಳ್ಳಗೆ ಎಳೀರಿ. ಹಾವಿನ ಸುತ್ತ ಔಟ್‌ಲೈನ್ ಬೇಡವೇ ಬೇಡ, ಒಂದು ಬದಿ ನೆರಳು ಹಾಕಿ ಅದರ ಹೊರ ಅಂಚನ್ನ ಒದ್ದೆ ಬ್ರಷ್‌ನಲ್ಲಿ ಕರಗಿಸಿ, ಬಿಸಿಲಿನ ಬದಿ ಹಾಗೇ ಬಿಟ್ಬಿಡಿ, ಮೈ ದುಂಡಗೆ ತಾನೇ ಎದ್ದು ಬರುತ್ತೆ.

ಕುಂಕುಮ ಎಲ್ಲಕ್ಕಿಂತ ಕೊನೆಗೆ, ಎಲ್ಲ ಒಣಗಿದ ಮೇಲೆ, ಕ್ರಿಮ್ಸನ್ ಅನ್ನೋ ಗಾಢ ಕೆಂಪಿಗೆ ಸ್ವಲ್ಪ ವರ್ಮಿಲಿಯನ್ ಅನ್ನೋ ಉಜ್ವಲ ಕೆಂಪು ಹಾಕಿ ಗಟ್ಟಿ ಬಣ್ಣದಲ್ಲಿ ಹೆಡೆ ಮೇಲೆ ಒಂದೊಂದೇ ಬೊಟ್ಟು ಇಡಿ, ಬೇಗ ಇಟ್ರೆ ಹಳದಿ ಜೊತೆ ಕಲೆಸಿ ಕಿತ್ತಳೆ ಆಗುತ್ತೆ.