ಐವತ್ತು ತುಂಬಿದ ದಿನ ಅಮ್ಮನನ್ನು ಮಾತಾಡಿಸಿದೆವು

2025ರ ಆಗಸ್ಟ್‌ನಲ್ಲಿ ನನಗೆ ಐವತ್ತು ತುಂಬಿತು. ದೊಡ್ಡ ಹಾಲ್ ಹಿಡಿದು ಎಲ್ಲರನ್ನೂ ಕರೆಯೋಣ ಅಂತ ಮಕ್ಕಳ ಆಸೆ. ನನಗೆ ಮನಸ್ಸಾಗಲಿಲ್ಲ. ನಲವತ್ತಕ್ಕೆ ಹಾಗೇ ಮಾಡಿದ್ದೆವು. ಬಂದವರನ್ನು ಮಾತಾಡಿಸಿ ಕಳಿಸುವುದರಲ್ಲೇ ದಿನ ಕಳೆಯಿತು. ಅಮ್ಮನ ಪಕ್ಕ ಹತ್ತು ನಿಮಿಷ ಕೂರಲೂ ಆಗಲಿಲ್ಲ.

ಈ ಸಲ ಒಂದು ವಿಷಯ ಕೊರೆಯುತ್ತಿತ್ತು. ಮೂರು ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಯಾರಿಗೂ ನೆನಪಿರುವುದಿಲ್ಲ, ಅಲ್ವಾ? ನನ್ನ ಆ ಮೂರು ವರ್ಷ ಇರುವುದು ಅಮ್ಮನ ಹತ್ತಿರ. ಅವಳಿಗೆ ಈಗ ಎಪ್ಪತ್ತಾರು. ಅಪ್ಪ ಇದ್ದಾಗ ಏನೂ ಕೇಳಲಿಲ್ಲ. ಆ ಕೊರಗು ಇನ್ನೂ ಇದೆ.

ಹಾಗಾಗಿ ಮನೆಯವರೇ ಹನ್ನೊಂದು ಜನ ಸೇರಿದೆವು, ಅದೂ ಬೆಳಿಗ್ಗೆ. ಸಂಜೆ ಇಟ್ಟುಕೊಂಡರೆ ಅಮ್ಮನಿಗೆ ಸುಸ್ತು, ಚಿಕ್ಕವರಿಗೆ ನಿದ್ದೆ. ನಾನು ಹುಟ್ಟಿ ಎಷ್ಟು ದಿನವಾಯಿತು ಅಂತ ಲೀಪ್ ವರ್ಷದ 13 ದಿನ ಸೇರಿಸಿ ಲೆಕ್ಕ ಹಾಕಿ, ಮಗಳು 18,263 ಅಂತ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದಳು. ಅಲಂಕಾರ ಅಂತ ಇದ್ದದ್ದು ಅಷ್ಟೇ.

ಹಳೆಯ ಫೋಟೊಗಳಿಗೆ ಮಾತ್ರ ಎರಡು ವಾರ ಹಿಡಿಯಿತು. ಆಲ್ಬಂಗೆ ಅಂಟಿಕೊಂಡವನ್ನು ಕೀಳಲು ಹೋಗಿ ಒಂದು ಹರಿಯಿತು. ಆಮೇಲೆ ಕೀಳಲಿಲ್ಲ. ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲ್‌ನಲ್ಲಿ ತೆಗೆದೆವು. ಅಮ್ಮನ ಕಣ್ಣಿಗೆ ಕಾಣುವ ಹಾಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು.

ರೆಕಾರ್ಡಿಂಗ್‌ನ ಮೊದಲ ಇಪ್ಪತ್ತು ನಿಮಿಷ ಹಾಳಾಯಿತು. ಮೇಲೆ ಫ್ಯಾನ್ ಸದ್ದು, ಕೆಳಗೆ ಎಲ್ಲರೂ ಒಟ್ಟಿಗೆ ಮಾತು. ಫ್ಯಾನ್ ಆರಿಸಿ, ಮಡಚಿದ ಬಟ್ಟೆಯ ಮೇಲೆ ಫೋನ್ ಇಟ್ಟು, ಅಮ್ಮನ ಹತ್ತಿರಕ್ಕೆ ಸರಿಸಿದೆವು. ಕೇಳುವವನು ನಾನೊಬ್ಬನೇ ಅಂತಾಯಿತು. "ಚಿಕ್ಕವನಿದ್ದಾಗ ಹೇಗಿದ್ದೆ?" ಅಂದರೆ "ಚೆನ್ನಾಗಿದ್ದೆ" ಅಂದು ಸುಮ್ಮನಾದಳು. ಫೋಟೊ ಕೈಗೆ ಕೊಟ್ಟು "ಇದು ಯಾವ ಮನೆ? ತೆಗೆದದ್ದು ಯಾರು?" ಅಂದಾಗಲೇ ಮಾತು ಶುರುವಾಗಿದ್ದು.

ಒಂದು ಫೋಟೊದಲ್ಲಿ ನಾನು ಚಾಪೆ ಮೇಲೆ ಕೂತಿದ್ದೇನೆ. ಎಷ್ಟೋ ಸಲ ನೋಡಿದ ಫೋಟೊ. ಅಮ್ಮ ಅದರ ಅಂಚಿನಲ್ಲಿ ಬೆರಳಿಟ್ಟಳು. ನನ್ನ ಬೆನ್ನ ಹಿಂದೆ ಮಸುಕಾಗಿ ನಾಲ್ಕು ಬೆರಳು. "ಎಂಟು ತಿಂಗಳು ನಿನಗೆ. ಗಟ್ಟಿಯಾಗಿ ಕೂರಲು ಬರುತ್ತಿರಲಿಲ್ಲ. ಬೀಳ್ತೀಯ ಅಂತ ನಿಮ್ಮಪ್ಪ ಪಕ್ಕದಲ್ಲಿ ಬಗ್ಗಿ ಹಿಡ್ಕೊಂಡಿದ್ರು." ಯಾರೂ ಮಾತಾಡಲಿಲ್ಲ. ನನ್ನ ಮಗ ಫೋಟೊ ತೆಗೆದುಕೊಂಡು ತುಂಬಾ ಹೊತ್ತು ಆ ಬೆರಳುಗಳನ್ನೇ ನೋಡುತ್ತಿದ್ದ.

ಅದರ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ "ಅಪ್ಪನ ಕೈ, 1976" ಅಂತ ಬರೆದೆ. ಪೆನ್ ಆದರೆ ಶಾಯಿ ಮುಂದಕ್ಕೆ ಇಳಿಯಬಹುದು.

ಒಟ್ಟು ಒಂದೂಮುಕ್ಕಾಲು ಗಂಟೆಯ ಧ್ವನಿ ಉಳಿದಿದೆ. ಮೂರು ಕಡೆ ಕಾಪಿ ಇಟ್ಟಿದ್ದೇವೆ. ಮುಂದಿನ ಸಲ ತಂಗಿಯ ಸರದಿ, ಅವಳಿಗೆ ನಲವತ್ತೈದು. ಅವಳ ಫೋಟೊಗಳನ್ನು ಈಗಲೇ ಹುಡುಕುತ್ತಿದ್ದೇನೆ.