ಬಾರ್ಬೆಕ್ಯೂ ಊಟಕ್ಕೆ ತಣ್ಣನೆಯ ಕುಸ್‌ಕುಸ್

ಅಮೆರಿಕದಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ ರಜೆ ಬಂತೆಂದರೆ ಹಿತ್ತಲಲ್ಲಿ, ಪಾರ್ಕುಗಳಲ್ಲಿ ಗ್ರಿಲ್ ಹೊತ್ತಿಕೊಳ್ಳುತ್ತದೆ. ಅಲ್ಲಿರುವ ಕನ್ನಡದ ಮನೆಗಳಿಗೂ ಕರೆ ಬರುತ್ತದೆ, ಜೊತೆಗೆ ‘ಒಂದು ಸೈಡ್ ಡಿಶ್ ತನ್ನಿ’ ಎಂಬ ಮಾತೂ. ಚಿತ್ರಾನ್ನ ಒಯ್ಯಬಹುದು, ಆದರೆ ಫ್ರಿಜ್ಜಿನಲ್ಲಿಟ್ಟ ಅನ್ನ ಗಟ್ಟಿಯಾಗುತ್ತದಲ್ವಾ? ಕುಸ್‌ಕುಸ್ ಈ ಕೆಲಸಕ್ಕೆ ಹೆಚ್ಚು ಅನುಕೂಲ. ಹಿಂದಿನ ರಾತ್ರಿಯೇ ಮಾಡಿಡಬಹುದು, ತಣ್ಣಗೇ ತಿನ್ನಬಹುದು.

ಇದು ಉತ್ತರ ಆಫ್ರಿಕಾದ ಊಟ. ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಸಣ್ಣ ಕಾಳು ಮಾಡಿ, ಹಬೆಯಲ್ಲಿ ಬೇಯಿಸುತ್ತಾರೆ. ಮೊರಾಕ್ಕೊದ ಮನೆಗಳಲ್ಲಿ ಶುಕ್ರವಾರದ ಮಧ್ಯಾಹ್ನ ತರಕಾರಿ, ಮಾಂಸದ ಜೊತೆ ಬಿಸಿಬಿಸಿಯಾಗಿ ಬಡಿಸುತ್ತಾರೆ. ಅಲ್ಜೀರಿಯಾ, ಮಾರಿಟೇನಿಯಾ, ಮೊರಾಕ್ಕೊ, ಟುನೀಶಿಯಾ ಒಟ್ಟಾಗಿ ಕೇಳಿದ್ದರಿಂದ 2020ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ತಣ್ಣನೆಯ ಸಲಾಡ್ ಮಾಡುವ ರೂಢಿ ಫ್ರಾನ್ಸಿನಲ್ಲಿ ಜಾಸ್ತಿ. ಲೆಬನಾನಿನವರು ಗೋಧಿ ನುಚ್ಚು ಹಾಕಿ ಮಾಡುವ ತಬೂಲೆ ಎಂಬ ಸಲಾಡನ್ನು ಫ್ರೆಂಚರು ಕುಸ್‌ಕುಸ್‌ನಲ್ಲೇ ಮಾಡುತ್ತಾರೆ.

ಅಂಗಡಿಯಲ್ಲಿ ಸಣ್ಣ ಕಾಳಿನ, ಏನೂ ಬೆರೆಸದ ಪೊಟ್ಟಣವನ್ನೇ ಕೊಳ್ಳಿ. ಮಸಾಲೆ ಸೇರಿಸಿದ ಡಬ್ಬಿಗಳಲ್ಲಿ ಕೆಲವಕ್ಕೆ ಕೋಳಿಯ ಸಾರದ ಪುಡಿ ಇರುತ್ತದೆ. ಸಸ್ಯಾಹಾರಿಗಳು ಲೇಬಲ್ ಓದಲೇಬೇಕು. ‘ಪರ್ಲ್ ಕುಸ್‌ಕುಸ್’ ಎಂಬ ಸಾಬಕ್ಕಿ ಗಾತ್ರದ್ದು ಬೇರೆಯೇ. ಅದನ್ನು ಪಾಸ್ತಾ ಥರ ಒಲೆಯ ಮೇಲೆ ಬೇಯಿಸಬೇಕು.

ಈಗ ಮುಖ್ಯ ಕೆಲಸ. ಪೊಟ್ಟಣದ ಕುಸ್‌ಕುಸ್ ಆಗಲೇ ಹಬೆಯಲ್ಲಿ ಬೆಂದು ಒಣಗಿದ್ದು. ನೆನೆಸಿದರೆ ಸಾಕು. ಉಪ್ಪಿಟ್ಟು ಮಾಡಿ ಪಳಗಿದ ಕೈ ಜಾಸ್ತಿ ನೀರು ಸುರಿಯುತ್ತದೆ, ಒಲೆಯ ಮೇಲಿಟ್ಟು ಕಲಕುತ್ತದೆ. ಎರಡೂ ಬೇಡ. ಎಂಟು ಜನಕ್ಕೆ 2 ಕಪ್ ಕುಸ್‌ಕುಸ್ ತೆಗೆದುಕೊಳ್ಳಿ. ಅಗಲ ಬೌಲಿಗೆ ಹಾಕಿ, 1 ಚಮಚ ಉಪ್ಪು, 1 ದೊಡ್ಡ ಚಮಚ ಆಲಿವ್ ಎಣ್ಣೆ ಬೆರೆಸಿ. ಕಾಳಿಗೆಲ್ಲ ಎಣ್ಣೆ ಸವರಿದರೆ ಗಂಟಾಗುವುದು ಕಡಿಮೆ. ಮೇಲೆ 2 ಕಪ್ ಕುದಿಯುವ ನೀರು ಸುರಿದು ತಟ್ಟೆ ಮುಚ್ಚಿ. ಬಿಸಿಯಾಗಿ ತಿನ್ನುವುದಾದರೆ ಇನ್ನರ್ಧ ಕಪ್ ನೀರು ಬೇಕು. ಸಲಾಡಿಗೆ ಸಮಸಮ ಸಾಕು, ಉಳಿದದ್ದನ್ನು ನಿಂಬೆರಸ, ಟೊಮೆಟೊ ಕೊಡುತ್ತವೆ. ಐದು ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ಫೋರ್ಕಿನಿಂದ ಕೆದಕಿ ಬಿಡಿಸಿ. ಸೌಟು ಹಾಕಿದರೆ ಮುದ್ದೆಯಾಗುತ್ತದೆ. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ.

ಸುಲಭದ ಸಲಾಡ್ ಎಂದರೆ ಪುದೀನದ್ದು. ಎರಡು ಸೌತೆಕಾಯಿ, ಮೂರು ಟೊಮೆಟೊ ಸಣ್ಣಗೆ ಹೆಚ್ಚಿ, ಬೀಜದ ತಿರುಳು ತೆಗೆದುಬಿಡಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ಪುದೀನ, ಪಾರ್ಸ್ಲಿ ಒಂದೊಂದು ಹಿಡಿ ಧಾರಾಳವಾಗಿ ಹಾಕಿ. ಪಾರ್ಸ್ಲಿ ಇಲ್ಲವೇ? ಕೊತ್ತಂಬರಿ ಸೊಪ್ಪು ನಡೆಯುತ್ತದೆ. 4 ದೊಡ್ಡ ಚಮಚ ನಿಂಬೆರಸ, ಅಷ್ಟೇ ಆಲಿವ್ ಎಣ್ಣೆ, ಕರಿಮೆಣಸಿನ ಪುಡಿ. ಕಾಳು ರಾತ್ರಿಯಿಡೀ ಹುಳಿ ಹೀರಿಕೊಳ್ಳುತ್ತದೆ. ಹಾಗಾಗಿ ಬಡಿಸುವ ಮುಂಚೆ ರುಚಿ ನೋಡಿ ಇನ್ನಷ್ಟು ನಿಂಬೆ ಹಿಂಡಿ.

ನನಗೆ ಹೆಚ್ಚು ಇಷ್ಟ ಸುಟ್ಟ ತರಕಾರಿಯದ್ದು. ಮಾಂಸ ತಿನ್ನದವರಿಗೆ ಇದೇ ಊಟವಾಗುತ್ತದೆ. ಗ್ರಿಲ್ಲಿಗೆ ಮಾಂಸ ಬೀಳುವ ಮುಂಚೆ ಅರ್ಧ ಹೋಳು ಮಾಡಿದ ಕ್ಯಾಪ್ಸಿಕಂ, ಜುಕಿನಿ (ಸೌತೆಯಂತೆ ಕಾಣುವ ತರಕಾರಿ), ಈರುಳ್ಳಿ, ಸುಲಿದ ಮೆಕ್ಕೆಜೋಳದ ತೆನೆಗೆ ಎಣ್ಣೆ ಸವರಿ ಇಡಿ. ಅಲ್ಲಲ್ಲಿ ಕಪ್ಪಗಾಗಲಿ, ಭಯ ಬೇಡ. ಕತ್ತರಿಸಿ, ಜೋಳದ ಕಾಳು ಬಿಡಿಸಿ, ಬೇಯಿಸಿದ ಒಂದೂವರೆ ಕಪ್ ಕಾಬೂಲ್ ಕಡಲೆಯೊಂದಿಗೆ ಕುಸ್‌ಕುಸ್‌ಗೆ ಸೇರಿಸಿ. ಹುರಿದ ಜೀರಿಗೆ ಪುಡಿ, ಚೂರು ಅಚ್ಚಖಾರ, ನಿಂಬೆ, ಎಣ್ಣೆ, ಉಪ್ಪು ಹಾಕಿ ಕಲಸಿ.

ಮಕ್ಕಳಿಗೆ ಕಿತ್ತಳೆ ತೊಳೆ, ಖರ್ಜೂರ, ಹುರಿದ ಬಾದಾಮಿ, ಚಿಟಿಕೆ ದಾಲ್ಚಿನ್ನಿ ಪುಡಿ ಹಾಕಿದ್ದು ಹಿಡಿಸುತ್ತದೆ. ಬಾದಾಮಿಯನ್ನು ಕೊನೆಗೆ ಹಾಕಿ, ಮೆತ್ತಗಾಗಬಾರದು.

ಒಯ್ಯುವಾಗ ಡಬ್ಬಿಯನ್ನು ಐಸ್ ಇರುವ ಕೂಲರಿನಲ್ಲೇ ಇಡಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಇನ್ನು, ಕಾಳಿನ ರೂಪ ನೋಡಿ ಇದು ಯಾವುದೋ ಸಿರಿಧಾನ್ಯ ಎಂದುಕೊಳ್ಳುವವರಿದ್ದಾರೆ. ಆದರೆ ಇದು ಗೋಧಿಯದ್ದೇ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದವರು ತಿನ್ನುವಂತಿಲ್ಲ. ಡಬ್ಬಿಯ ಮೇಲೆ ‘ಗೋಧಿ ಇದೆ’ ಎಂದು, ಬಾದಾಮಿ ಹಾಕಿದ್ದರೆ ಅದನ್ನೂ, ಬರೆದು ಅಂಟಿಸಿ.